ಹಳೆಯ ಸೇನಾ ಜೀಪು: ತುಕ್ಕಿಗಿಂತ ನಿಯಮವೇ ತೊಡಕು

ಸೇನೆ ಹರಾಜಿಗಿಟ್ಟ ಜೀಪು, ಜೋಂಗಾಗಳನ್ನು ಮನೆಯಂಗಳದಲ್ಲೇ ಪುನರುಜ್ಜೀವನಗೊಳಿಸುವ ಹವ್ಯಾಸಿಗಳಿಗೆ ತುಕ್ಕಿಗಿಂತ ನಿಯಮವೇ ದೊಡ್ಡ ತೊಡಕು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಿಯಮದಂತೆ, ಮೊದಲ ಮಾರಾಟದ ನಂತರದ ನೋಂದಣಿಗೆ 50 ವರ್ಷ ತುಂಬಿದ ವಾಹನಕ್ಕಷ್ಟೇ ‘ವಿಂಟೇಜ್’ ಮಾನ್ಯತೆ. ಚಾಸಿ, ಹೊರಕವಚ, ಎಂಜಿನ್ ಮಾರ್ಪಾಡಾಗಿರಕೂಡದು.

ಸೇನಾ ವಾಹನಗಳ ನೋಂದಣಿ ಪ್ರತ್ಯೇಕ. ಸಾರಿಗೆ ಕಚೇರಿಯ ದಾಖಲೆಗೆ ಅವು ಬರುವುದು ಹರಾಜಿನ ನಂತರ. ಸೇವಾವಧಿಯನ್ನು ಪರಿಗಣಿಸದಿದ್ದರೆ, 1970ರಲ್ಲಿ ತಯಾರಾಗಿ 1985ರಲ್ಲಿ ಹರಾಜಾದ ಜೋಂಗಾ 2035ರವರೆಗೆ ಕಾಯಬೇಕಾದೀತು. ತುಕ್ಕು ತಿಂದ ನೆಲದ ತಗಡನ್ನು ಕತ್ತರಿಸಿ ಅದೇ ದಪ್ಪದ ಹೊಸ ತಗಡು ಬೆಸೆದರೆ ಅದು ಸಂರಕ್ಷಣೆಯೋ, ಮಾರ್ಪಾಡೋ? ನಿಯಮದ ಪದಗಳಿಂದಷ್ಟೇ ಉತ್ತರ ದೊರೆಯದು.

20,000 ರೂಪಾಯಿ ಶುಲ್ಕ ತೆತ್ತರೂ ಪ್ರದರ್ಶನ, ರ‍್ಯಾಲಿ, ಸಂಶೋಧನೆ, ನಿರ್ವಹಣೆಗಷ್ಟೇ ರಸ್ತೆಗಿಳಿಸಲು ಅವಕಾಶ. ಹೀಗಿರುವಾಗ ಹರಾಜು ಪತ್ರ ಹಾಗೂ ದುರಸ್ತಿಯ ಪ್ರತಿ ಹಂತದ ಛಾಯಾಚಿತ್ರಗಳನ್ನು ಕಾಯ್ದಿರಿಸುವುದೇ ಮಾಲೀಕರಿಗೆ ವಿವೇಕದ ಹಾದಿ.