ಗ್ಯಾಲರಿಯವನ ಒಪೆರಾ ಹೌಸ್

ಚರ್ನಿ ರೋಡಿನಲ್ಲಿ ಗಾಡಿ ಇಳಿಯುವ ನಮಗೆಲ್ಲ ಒಪೆರಾ ಹೌಸ್ ಗೊತ್ತು. ಆ ಪ್ರದೇಶಕ್ಕೇ ಅದರ ಹೆಸರು ಬಿದ್ದುಬಿಟ್ಟಿದೆ. ಆದರೆ ಅದರ ಚರಿತ್ರೆ ಹೇಳುವ ರೀತಿಯ ಬಗ್ಗೆ ನನ್ನದೊಂದು ತಕರಾರಿದೆ.

ಸಾಮಾನ್ಯವಾಗಿ ಕೇಳಿಬರುವ ಕತೆ ಇಷ್ಟು: 1911ರಲ್ಲಿ, ಕಟ್ಟಡ ಇನ್ನೂ ಮುಗಿಯುವ ಮೊದಲೇ, ಐದನೇ ಜಾರ್ಜ್ ದೊರೆ ಬಂದು ಉದ್ಘಾಟಿಸಿದ. ಮುಂದೆ ಸಿನೆಮಾ ಹೊಕ್ಕು ಅಂದಗೆಟ್ಟಿತು. 1993ರಲ್ಲಿ ಬಾಗಿಲು ಬಿತ್ತು. 2016ರ ಅಕ್ಟೋಬರಿನಲ್ಲಿ ಜೀರ್ಣೋದ್ಧಾರವಾಗಿ ಹಳೆಯ ವೈಭವ ಮರಳಿತು. ಅಂದರೆ ಸಿನೆಮಾ ನಡೆದ ಐವತ್ತಕ್ಕೂ ಮಿಕ್ಕಿದ ವರ್ಷಗಳೆಲ್ಲ ಬರೀ ನಷ್ಟ! ಕಾಮರ್ಸ್ ಓದುವ ನನಗೆ ಈ ಜಮಾಖರ್ಚು ಒಪ್ಪಿಗೆಯಿಲ್ಲ.

ಕಟ್ಟಿಸಿದವರು ಕಲ್ಕತ್ತೆಯಲ್ಲಿ ನಾಟಕದ ವ್ಯಾಪಾರ ಮಾಡುತ್ತಿದ್ದ ಮಾರಿಸ್ ಬ್ಯಾಂಡ್‌ಮನ್ ಮತ್ತು ಕಲ್ಲಿದ್ದಲ ದಲ್ಲಾಳಿ ಜಹಾಂಗೀರ್ ಫ್ರಾಂಜಿ ಕರಾಕಾ. ಸಸೂನ್ ಮನೆತನದ ಬಂಗಲೆಯಿಂದ ತೂಗುದೀಪಗಳು ಬಂದವು. ಶ್ರೀಮಂತಿಕೆ ಇತ್ತು, ಇಲ್ಲ ಅನ್ನೋದಿಲ್ಲ. ಆದರೆ ಗ್ಯಾಲರಿಯಲ್ಲಿ ಕೂತವನಿಗೂ ಒಂದೊಂದು ಮಾತು, ಒಂದೊಂದು ಸ್ವರ ಕೇಳಬೇಕು ಅಂತಲೇ ಅದರ ಛಾವಣಿ ಕಟ್ಟಿದ್ದು! ಒಪೆರಾ ಒಂದನ್ನೇ ನಂಬಿ ಅದು ಬದುಕಲಿಲ್ಲ. ಬಾಲಗಂಧರ್ವರು ಅಲ್ಲಿ ಹಾಡಿದರು, ಪೃಥ್ವೀರಾಜ ಕಪೂರರು ನಾಟಕ ಆಡಿದರು, ಆಮೇಲೆ ಸಿನೆಮಾ. 1952ರಲ್ಲಿ ಗೊಂಡಲದ ಮಹಾರಾಜರು ಕೊಂಡ ಮೇಲೂ ಸಿನೆಮಾ ನಡೆದೇ ಇತ್ತು.

ನಮ್ಮ ಅಜ್ಜ ಕುಂದಾಪುರದ ಕಡೆಯಿಂದ ಬಂದು ಗಿರ್ಗಾಂವಿನ ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯುತ್ತಿದ್ದವರು. ರಾತ್ರಿಶಾಲೆಯಲ್ಲಿ ನಾಲ್ಕಕ್ಷರ ಕಲಿತವರು. ರಜೆ ಸಿಕ್ಕಿದ ಮಧ್ಯಾಹ್ನ ಒಪೆರಾ ಹೌಸಿನಲ್ಲಿ ಮ್ಯಾಟಿನಿ. “ಹಿಂದಿ ಅರ್ಧ ಗೊತ್ತಾಗ್ತಿರ್ಲಿಲ್ಲ ಮಾರಾಯ, ಆದ್ರೆ ಕೂತದ್ದು ಮಾತ್ರ ರಾಜನ ಹಾಗೆ” ಅನ್ನುತ್ತಿದ್ದರು. ಆ ಛಾವಣಿಯ ಕೆಳಗೆ ಕೂರುವ ಹಕ್ಕು ಅವರಿಗೆ ಸಿಕ್ಕಿದ್ದು ಸಿನೆಮಾದಿಂದ. ಅದನ್ನು ಹಾಳಾದ ಕಾಲ ಅಂದರೆ ನನಗೆ ಸಿಟ್ಟು ಬರುತ್ತೆ.

ಜೀರ್ಣೋದ್ಧಾರದ ಮೇಲೆ ನನ್ನ ದೂರಿಲ್ಲ. ಸಿನೆಮಾದ ಕಾಲದಲ್ಲಿ ಹೋಗಿದ್ದ ಬಾಕ್ಸುಗಳನ್ನು ಮತ್ತೆ ಕಟ್ಟಿದ್ದಾರೆ, ಒಳ್ಳೇದು. ಕಲ್ಲು, ಗಾರೆಯನ್ನು ಹಳೇ ಫೋಟೋ ನೋಡಿ ಮತ್ತೆ ಕಟ್ಟಬಹುದು. ಅಲ್ಲಿ ಕೂತಿದ್ದ ಜನರನ್ನು? ಅಜ್ಜ ನೋಡಿದ್ದು ಯಾವ ಸಿನೆಮಾ, ಟಿಕೇಟಿಗೆ ಎಷ್ಟು ಕೊಟ್ಟರು, ಒಂದೂ ನಾನು ಕೇಳಿಟ್ಟುಕೊಳ್ಳಲಿಲ್ಲ. ಈಗ ಅಜ್ಜ ಇಲ್ಲ.

ಸಂಘದ ಮಿತ್ರರೇ, ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಈ ಭಾನುವಾರವೇ ಕೇಳಿ, ಬರೆದು ತನ್ನಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಅದಕ್ಕೇ ಇಡೋಣ.