ಒದ್ದೆ ನೆಲದಲ್ಲಿ ವೆಲ್ಡಿಂಗ್!
ನಗರದ ಕೆಲಸ ಬಿಟ್ಟು ಕೊಪ್ಪದ ಮನೆಯ ಶೆಡ್ಡಿನಲ್ಲೇ ವೆಲ್ಡಿಂಗ್ ಶುರು ಮಾಡುವ ಗೆಳೆಯರೇ, ನಿಮ್ಮ ಛಲಕ್ಕೆ ಶರಣು! ಆದರೆ ಮಿಕ್ಸಿಯ 6 ಆಂಪಿಯರ್ ಪ್ಲಗ್ಗಿಗೆ ಯಂತ್ರ ಸಿಕ್ಕಿಸುವುದು ಯಾವ ಜಾಣತನ? ಮೆಸ್ಕಾಂಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಿ. ಲೈಸೆನ್ಸ್ ಇರುವ ವೈರ್‌ಮನ್ನಿಂದ ಬೇರೆಯೇ ದಪ್ಪ ತಾಮ್ರದ ವೈರು, ಎಂಸಿಬಿ ಹಾಕಿಸಿ.

ಅರ್ಥಿಂಗ್ ಗುಂಡಿಯ ಖರ್ಚು ಉಳಿಸಲು ನ್ಯೂಟ್ರಲ್ಲನ್ನೇ ಅರ್ಥಿಗೆ ಕಟ್ಟುವವರಿದ್ದಾರೆ. ಮಲೆನಾಡಿನ ಗಾಳಿಗೆ ಮರ ಬಿದ್ದು ನ್ಯೂಟ್ರಲ್ ತುಂಡಾಯಿತೆನ್ನಿ, ಯಂತ್ರದ ಮೈಗೇ 230 ವೋಲ್ಟ್! 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಆದರೂ ಹೋಲ್ಡರ್ ಕಡೆಯ ಶಾಕನ್ನು ಅದು ಹಿಡಿಯದು, ನಡುವೆ ಟ್ರಾನ್ಸ್‌ಫಾರ್ಮರ್ ಇದೆಯಲ್ಲ! ಅಲ್ಲಿ 80 ವೋಲ್ಟಿನವರೆಗೂ ಇರಬಹುದು. ಆಷಾಢದ ಒದ್ದೆ ನೆಲದಲ್ಲಿ ಜೀವ ತೆಗೆಯಲು ಅಷ್ಟು ಸಾಕು. ಕಾಲಡಿಗೆ ಒಣ ಹಲಗೆ, ಕೈಗೆ ಒಣಗಿದ ಚರ್ಮದ ಗವಸು ಬೇಕು. ಯಂತ್ರದ ಎಚ್ಚರಿಕೆ ಚೀಟಿ ಕನ್ನಡದಲ್ಲಿಲ್ಲವೇ? ಮಾರಿದವರಿಂದಲೇ ಕನ್ನಡದಲ್ಲಿ ಹೇಳಿಸಿಕೊಂಡು, ಆಮೇಲೆ ದುಡ್ಡು ಕೊಡಿ.