ರೋಗಿಯೊಡನೆ ನಡೆಯುವವರ ಕಲಿಕೆ ನಿಲ್ಲಬಾರದು

ಚಿಕಿತ್ಸೆಯೆಂಬುದು ವೈದ್ಯನೊಬ್ಬನಿಂದಲೇ ಆಗುವ ಕಾರ್ಯವಲ್ಲ. ಚರಕಾಚಾರ್ಯರು ಅದಕ್ಕೆ ನಾಲ್ಕು ಪಾದಗಳನ್ನು ಹೇಳಿದ್ದಾರೆ: ವೈದ್ಯ, ಔಷಧದ್ರವ್ಯ, ಉಪಸ್ಥಾತ ಮತ್ತು ರೋಗಿ. ಉಪಸ್ಥಾತನೆಂದರೆ ರೋಗಿಯ ಬಳಿಯಲ್ಲಿದ್ದು ಉಪಚರಿಸುವವನು. ನಾಲ್ವರಲ್ಲಿ ವೈದ್ಯನೇ ಪ್ರಧಾನನೆಂದು ಒಪ್ಪಿದರೂ, ಆಚಾರ್ಯರು ಉಪಸ್ಥಾತನಿಗೂ ನಾಲ್ಕು ಗುಣಗಳನ್ನು ವಿಧಿಸಿದ್ದಾರೆ: ಉಪಚಾರದ ಅರಿವು, ದಕ್ಷತೆ, ಅನುರಾಗ ಮತ್ತು ಶುಚಿತ್ವ. ಇಲ್ಲಿ ಮೊದಲು ಬರುವುದು ಅನುರಾಗವಲ್ಲ, ಅರಿವು ಎಂಬುದನ್ನು ನಾವು ಗಮನಿಸಬೇಕು. ಮನದಲ್ಲಿ ಎಷ್ಟೇ ಕರುಣೆಯಿದ್ದರೂ ಏನು ಮಾಡಬೇಕೆಂಬುದನ್ನು ತಿಳಿಯದವರ ಸೇವೆಯಿಂದ ರೋಗಿಗೆ ಉಪಕಾರದ ಬದಲು ಅಪಾಯವೇ ಒದಗಬಹುದು. ಅರಿವು ಆಚಾರಗಳು ಬೇರೆಬೇರೆಯಾಗಿರಬಾರದೆಂದ ಶರಣರ ನಿಲುವು ಬಲ್ಲ ಭಕ್ತಬಾಂಧವರಿಗೆ ಈ ಮಾತು ಹೊಸದೆನಿಸಲಾರದು.

ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿಯೂ ಹೊರದೇಶಗಳಲ್ಲಿಯೂ ರೋಗಿಯ ಆರೈಕೆಯನ್ನು ಆದಿಯಿಂದ ಅಂತ್ಯದವರೆಗೆ ಹೊಂದಿಸಿಕೊಂಡು ಹೋಗುವವರನ್ನು ಕೇಸ್ ಮ್ಯಾನೇಜರ್ ಎಂದು ಕರೆಯುವ ರೂಢಿಯಿದೆ. ನಮ್ಮ ಹಳ್ಳಿಗಳಲ್ಲಿ ಆ ಹೆಸರಿಲ್ಲ, ಆದರೆ ಆ ಕೆಲಸವಿದೆ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಆಸ್ಪತ್ರೆಗಳಲ್ಲಿ ಕುಳಿತಿರುವ ಆರೋಗ್ಯಮಿತ್ರ, ಈ ಮೂವರೂ ಸೇರಿ ಆ ಹೊಣೆಯನ್ನು ಹೊತ್ತಿದ್ದಾರೆ. ಯಾವ ಆಸ್ಪತ್ರೆಗೆ ಹೋಗಬೇಕು, ಯಾವ ಕಾಗದ ಬೇಕು, ಮನೆಗೆ ಮರಳಿದ ಮೇಲೆ ಯಾವ ಗುಳಿಗೆಯನ್ನು ಎಷ್ಟು ದಿನ ನುಂಗಬೇಕು, ಮತ್ತೆ ಯಾವಾಗ ತೋರಿಸಬೇಕು ಎಂಬ ಪ್ರಶ್ನೆಗಳಿಗೆ ಬಡವರ ಮನೆಯಲ್ಲಿ ಉತ್ತರ ಹೇಳುವವರು ಇವರೇ. ವೈದ್ಯನು ರೋಗಿಯನ್ನು ನೋಡುವುದು ಹತ್ತು ನಿಮಿಷ. ರೋಗವು ರೋಗಿಯೊಡನೆ ಇರುವುದು ತಿಂಗಳುಗಟ್ಟಲೆ, ವರ್ಷಗಟ್ಟಲೆ. ಆ ಉಳಿದ ಕಾಲವನ್ನು ಕಾಯುವವರ ಕಲಿಕೆ ಒಮ್ಮೆಗೆ ಮುಗಿಯುವಂಥದಲ್ಲ ಎಂಬುದೇ ಈ ಲೇಖನದ ಅಭಿಪ್ರಾಯ.

ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು 2005ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಸುಮಾರು ಸಾವಿರ ಜನರಿಗೆ ಒಬ್ಬಳಂತೆ, ಅದೇ ಊರಿನ ಹೆಣ್ಣುಮಗಳನ್ನು ಆಶಾ ಎಂದು ಆರಿಸಿ, ಮೊದಲ ಹಂತದಲ್ಲಿ ಕಂತು ಕಂತಾಗಿ 23 ದಿನಗಳ ತರಬೇತಿ ಕೊಡುವ ಏರ್ಪಾಡಾಯಿತು. ಅನಂತರ ನವಜಾತ ಶಿಶುವಿನ ಆರೈಕೆ ಮುಂತಾದ ಕೌಶಲಗಳಿಗಾಗಿ ನಾಲ್ಕು ಸುತ್ತುಗಳಲ್ಲಿ 20 ದಿನಗಳ ತರಬೇತಿ ಸೇರಿತು. ಅಂದು ಇಪ್ಪತ್ತೈದರ ಹರೆಯದಲ್ಲಿ ಸೇರಿದವಳು ಇಂದು ನಡುವಯಸ್ಸನ್ನು ದಾಟುತ್ತಿದ್ದಾಳೆ. ಈ ನಡುವೆ ಊರು ಬದಲಾಯಿತು, ರೋಗಗಳು ಬದಲಾದವು, ಚಿಕಿತ್ಸೆಯ ಕ್ರಮವೂ ಬದಲಾಯಿತು.

ಕ್ಷಯರೋಗವನ್ನೇ ನೋಡೋಣ. ಹಿಂದೆ ಸರ್ಕಾರಿ ಕಾರ್ಯಕ್ರಮದಲ್ಲಿ ಕ್ಷಯದ ಗುಳಿಗೆಗಳನ್ನು ವಾರಕ್ಕೆ ಮೂರು ದಿನ ಕೊಡುವ ಪದ್ಧತಿಯಿತ್ತು. 2017ರಲ್ಲಿ ಅದನ್ನು ಕೈಬಿಟ್ಟು, ತೂಕಕ್ಕೆ ತಕ್ಕಂತೆ ಪ್ರತಿದಿನವೂ ಗುಳಿಗೆ ಕೊಡುವ ಕ್ರಮವನ್ನು ದೇಶದಾದ್ಯಂತ ತರಲಾಯಿತು. ಹಳೆಯ ಪಾಠವನ್ನಷ್ಟೇ ನೆನಪಿಟ್ಟುಕೊಂಡ ಕಾರ್ಯಕರ್ತೆಯೊಬ್ಬಳು ಸದುದ್ದೇಶದಿಂದಲೇ "ದಿನ ಬಿಟ್ಟು ದಿನ ನುಂಗಿದರೆ ಸಾಕು" ಎಂದರೆ ಆ ರೋಗಿಯ ಗತಿಯೇನು? ಅರ್ಧ ಚಿಕಿತ್ಸೆಯಿಂದ ಕ್ರಿಮಿಗಳು ಸಾಯುವ ಬದಲು ಔಷಧಕ್ಕೆ ಬಗ್ಗದಂತಾಗುತ್ತವೆ. ಆರು ತಿಂಗಳಲ್ಲಿ ಗುಣವಾಗಬಹುದಾಗಿದ್ದ ರೋಗ ಮನೆಮಂದಿಗೂ ಹಬ್ಬುತ್ತದೆ. ಕ್ಷಯರೋಗಿಯ ಪೌಷ್ಟಿಕ ಆಹಾರಕ್ಕಾಗಿ ಬ್ಯಾಂಕ್ ಖಾತೆಗೆ ಬರುವ ನೆರವು 2018ರಿಂದ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1000 ರೂಪಾಯಿಯಾಗಿದೆ. ಇದನ್ನು ತಿಳಿದವರು ಹೇಳದಿದ್ದರೆ ಬಡ ರೋಗಿಗೆ ಹೇಳುವವರಾರು?

ಇನ್ನೊಂದು ಉದಾಹರಣೆ ಹಾವಿನ ಕಡಿತದ್ದು. ಕಡಿದ ಜಾಗದ ಮೇಲ್ಭಾಗದಲ್ಲಿ ಕಟ್ಟು ಬಿಗಿಯುವ ಕ್ರಮವು ಆಯುರ್ವೇದದ ಸಂಹಿತೆಗಳಲ್ಲಿಯೂ ಅರಿಷ್ಟಾಬಂಧನವೆಂಬ ಹೆಸರಿನಿಂದ ಇದೆ. ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದೇ ಇಲ್ಲದ ಕಾಲದಲ್ಲಿ ಹೇಳಿದ ಕ್ರಮವದು. ಬಿಗಿಯಾದ ಕಟ್ಟಿನಿಂದ ರಕ್ತಸಂಚಾರ ನಿಂತು ಅಂಗವೇ ಕೊಳೆಯುವ ಅಪಾಯವಿದೆ ಎಂಬುದು ಈಗ ತಿಳಿದಿದೆ. ಆದ್ದರಿಂದ ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಅಂಗವನ್ನು ಅಲುಗಾಡಿಸದೆ ಪ್ರತಿವಿಷವಿರುವ ಆಸ್ಪತ್ರೆಗೆ ತಡವಿಲ್ಲದೆ ಒಯ್ಯಬೇಕು ಎಂಬುದೇ ಇಂದಿನ ಪಾಠ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಶಾಸ್ತ್ರದಲ್ಲಿ ಶ್ರದ್ಧೆಯುಳ್ಳ ಆಯುರ್ವೇದ ವೈದ್ಯನಾಗಿಯೇ ನಾನು ಇದನ್ನು ಒಪ್ಪುತ್ತೇನೆ. ನಮ್ಮ ಆಚಾರ್ಯರು ಶಾಸ್ತ್ರವನ್ನು ಬೀಗ ಹಾಕಿದ ಪೆಟ್ಟಿಗೆಯೆಂದು ಎಣಿಸಿದವರಲ್ಲ.

ನಿರಂತರ ತರಬೇತಿಯ ಫಲವೇನೆಂದು ಕೇಳುವವರಿಗೆ ನಮ್ಮ ನೆರೆಯ ಮಹಾರಾಷ್ಟ್ರದ ಗಡಚಿರೋಲಿ ಉತ್ತರ ಕೊಟ್ಟಿದೆ. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ಹಳ್ಳಿಯ ಹೆಣ್ಣುಮಕ್ಕಳಿಗೆ ನವಜಾತ ಶಿಶುವಿನ ಆರೈಕೆಯನ್ನು ಹಂತಹಂತವಾಗಿ ಕಲಿಸಿದರು. ಕಲಿಸಿ ಬಿಟ್ಟುಬಿಡದೆ ಅವರ ಕೆಲಸವನ್ನು ನಿಯಮಿತವಾಗಿ ನೋಡುತ್ತ, ತಿದ್ದುತ್ತ ಬಂದರು. ಆ ಪ್ರಯೋಗದ ಮೂರನೆಯ ವರ್ಷದ ಹೊತ್ತಿಗೆ ನವಜಾತ ಶಿಶುಗಳ ಮರಣ ಶೇ. 62ರಷ್ಟು ಇಳಿಯಿತೆಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದು ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಬಾರಿ, ಮನೆಯಲ್ಲಿಯೇ ಹೆರಿಗೆಯಾಗಿದ್ದರೆ ಏಳು ಬಾರಿ ಹೋಗುವ ಪದ್ಧತಿ ಇಂಥ ಅನುಭವದಿಂದಲೇ ಬೆಳೆದು ಬಂದದ್ದು. ಆ ಭೇಟಿಯಲ್ಲಿ ಅವಳು ಕೂಸಿನ ತೂಕ ನೋಡುತ್ತಾಳೆ, ಜ್ವರ ಅಳೆಯುತ್ತಾಳೆ, ಉಸಿರನ್ನು ಎಣಿಸುತ್ತಾಳೆ. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡಿದರೆ ಅದು ಅಪಾಯದ ಸೂಚನೆ. ಪೂರ್ತಿ ಒಂದು ನಿಮಿಷ ಗಡಿಯಾರ ಹಿಡಿದು ಎಣಿಸಬೇಕು, ಕಣ್ಣಂದಾಜು ನಡೆಯದು. ಇಂಥ ಕೌಶಲ ಅಭ್ಯಾಸವಿದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ.

ಈಗ ಹಳ್ಳಿಗಳಲ್ಲಿ ತಾಯಿ ಮಗುವಿನ ಆರೈಕೆಯ ಜೊತೆಗೆ ರಕ್ತದೊತ್ತಡ, ಮಧುಮೇಹ, ಕ್ಯಾನ್ಸರ್‌ಗಳ ಹೊಣೆಯೂ ಇವರ ಮೇಲೆ ಬಿದ್ದಿದೆ. ಮೂವತ್ತು ದಾಟಿದವರನ್ನೆಲ್ಲ ಕಂಡು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ವಂಶದ ರೋಗ ಮುಂತಾದವುಗಳಿಗೆ ಅಂಕ ಹಾಕಿ, ನಾಲ್ಕಕ್ಕಿಂತ ಹೆಚ್ಚು ಅಂಕ ಬಂದವರನ್ನು ಮೊದಲು ತಪಾಸಣೆಗೆ ಕಳುಹಿಸುವ ಕೆಲಸ ಅವರದು. ಪತ್ರಕ ತುಂಬುವುದು ಸುಲಭ. ಆದರೆ ಬಿ.ಪಿ. ಇದೆಯೆಂದು ತಿಳಿದವನು ಗುಳಿಗೆಯನ್ನು ಬಿಡದಂತೆ ನೋಡಿಕೊಳ್ಳುವುದು ಕಷ್ಟ. ಅದಕ್ಕೆ ಮಾತಿನ ಕೌಶಲ ಬೇಕು, ಕೇಳುವ ತಾಳ್ಮೆ ಬೇಕು, ಯಾವ ಲಕ್ಷಣ ಕಂಡರೆ ಗಾಬರಿಯಾಗಬೇಕೆಂಬ ತಿಳಿವಳಿಕೆ ಬೇಕು.

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದ ಹಿರಿಯರೊಬ್ಬರು ಕೆಲವು ವರ್ಷಗಳ ಹಿಂದೆ ನಿಶ್ಶಕ್ತಿ, ಅಜೀರ್ಣವೆಂದು ಹೇಳಿಕೊಂಡು ಕಷಾಯಕ್ಕಾಗಿ ನನ್ನಲ್ಲಿಗೆ ಬಂದಿದ್ದರು. ಬೇರೆ ಔಷಧವೇನಾದರೂ ನಡೆದಿದೆಯೇ ಎಂದು ಕೇಳಿದಾಗ ನಡೆದಿದೆಯೆಂದರು. ಜೊತೆಗೆ ಬಂದಿದ್ದ ಆಶಾ ಕಾರ್ಯಕರ್ತೆ ಮೆಲ್ಲಗೆ, "ಅಜ್ಜಾರು ದವಾಖಾನಿ ಗುಳಿಗಿ ಬಿಟ್ಟು ಎಂಟು ದಿನ ಆತ್ರಿ ಡಾಕ್ಟರ‍್ರ, ನಾ ಚೀಟಿ ಎಣಿಸಿ ನೋಡೀನಿ" ಎಂದಳು. ಅವರು ಬಿಟ್ಟಿದ್ದುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ. ಅದನ್ನು ಹಠಾತ್ತನೆ ಬಿಟ್ಟರೆ ಸ್ಟೆಂಟ್ ಕಟ್ಟಿಕೊಂಡು ಪ್ರಾಣಕ್ಕೇ ಸಂಚಕಾರ ಬರಬಹುದು. ಅಂದೇ ಅವರನ್ನು ಹೃದ್ರೋಗ ತಜ್ಞರ ಬಳಿಗೆ ಕಳುಹಿಸಿದೆ. ಗುಳಿಗೆ ನುಂಗಿದಿರಾ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ, ಆದ್ದರಿಂದ ಚೀಟಿಯಲ್ಲಿ ಉಳಿದ ಗುಳಿಗೆಗಳನ್ನು ಎಣಿಸಿ ನೋಡಬೇಕೆಂದು ಆಕೆಗೆ ಆ ವರ್ಷದ ತರಬೇತಿಯಲ್ಲಿ ಹೇಳಿಕೊಟ್ಟಿದ್ದರಂತೆ. ಒಂದು ಚಿಕ್ಕ ಪಾಠ ಒಂದು ಜೀವವನ್ನು ಕಾಯಿತು. ಎರಡು ಪದ್ಧತಿಯ ಔಷಧಗಳನ್ನು ಒಟ್ಟಿಗೆ ತೆಗೆದುಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ. ಯಾವುದನ್ನೂ ಮುಚ್ಚಿಡದೆ ಇಬ್ಬರೂ ವೈದ್ಯರಿಗೆ ಹೇಳುವಂತೆ ಮಾಡುವುದನ್ನೂ ಈ ತರಬೇತಿಗಳಲ್ಲಿ ಕಲಿಸಬೇಕು.

ಹಾಗಾದರೆ ತರಬೇತಿ ನಡೆಯುತ್ತಲೇ ಇಲ್ಲವೇ ಎಂದು ಕೇಳಬಹುದು. ನಡೆಯುತ್ತಿದೆ. ಆದರೆ ತಿಂಗಳ ಸಭೆಗಳ ಬಹುಪಾಲು ಲೆಕ್ಕ ಒಪ್ಪಿಸುವುದರಲ್ಲಿ, ಮೊಬೈಲಿನಲ್ಲಿ ಮಾಹಿತಿ ತುಂಬುವ ಬಗೆಯನ್ನು ತಿಳಿಯುವುದರಲ್ಲಿ ಕಳೆದುಹೋಗುತ್ತದೆ. ಲೆಕ್ಕ ಬೇಕು, ಆದರೆ ಲೆಕ್ಕವೇ ಕಲಿಕೆಯಲ್ಲ. ಸುಶ್ರುತಾಚಾರ್ಯರು ಶಸ್ತ್ರಕ್ರಿಯೆ ಕಲಿಯುವ ಶಿಷ್ಯನು ಮೊದಲು ಕುಂಬಳ, ಸೋರೆಗಳ ಮೇಲೆ ಛೇದನವನ್ನು ಅಭ್ಯಾಸ ಮಾಡಬೇಕೆಂದರು. ಎಷ್ಟೇ ಓದಿದ್ದರೂ ಕೈ ಪಳಗದವನು ಕೆಲಸಕ್ಕೆ ಯೋಗ್ಯನಲ್ಲವೆಂದರು. ಚರಕಾಚಾರ್ಯರು ಶಾಸ್ತ್ರಜ್ಞಾನಕ್ಕೆ ಅಧ್ಯಯನ, ಅಧ್ಯಾಪನಗಳ ಜೊತೆಗೆ ತದ್ವಿದ್ಯ ಸಂಭಾಷೆಯನ್ನು, ಅಂದರೆ ಅದೇ ವಿದ್ಯೆಯನ್ನು ಬಲ್ಲವರೊಡನೆ ನಡೆಸುವ ಚರ್ಚೆಯನ್ನು, ಮೂರನೆಯ ಉಪಾಯವೆಂದರು. ಅದರಿಂದ ಸಂಶಯ ನೀಗುತ್ತದೆ, ಕೇಳಿದ್ದು ದೃಢವಾಗುತ್ತದೆ, ಕೇಳದೆ ಇದ್ದುದು ಕಿವಿಗೆ ಬೀಳುತ್ತದೆ. ಕಾಯಕ ಬೇರೆಬೇರೆಯಾದವರು ಒಂದೆಡೆ ಕುಳಿತು ಅನುಭವವನ್ನು ಒರೆಗೆ ಹಚ್ಚಿದ ಅನುಭವ ಮಂಟಪದ ದಾರಿಯೂ ಇದೇ ಅಲ್ಲವೇ? ವೈದ್ಯ ಸಂಗಣ್ಣನವರಂಥ ಶರಣರಿಗೆ ವೈದ್ಯಕಾಯಕವೂ ಅನುಭಾವವೂ ಬೇರೆಯಾಗಿರಲಿಲ್ಲ.

ಆದ್ದರಿಂದ ತರಬೇತಿಯ ಸ್ವರೂಪ ಹೀಗಿರಬೇಕೆಂದು ನನ್ನ ನಮ್ರ ಅಭಿಪ್ರಾಯ. ತಿಂಗಳಿಗೊಂದು ದಿನವಾದರೂ ಲೆಕ್ಕಪತ್ರವನ್ನು ಬದಿಗಿಟ್ಟು, ಆ ತಿಂಗಳು ಕಂಡ ಎರಡು ಮೂರು ರೋಗಿಗಳ ಸಂಗತಿಯನ್ನು ಹೆಸರು ಹೇಳದೆ ಮುಂದಿಟ್ಟು ಎಲ್ಲರೂ ಚರ್ಚಿಸಬೇಕು. ಎಲ್ಲಿ ತಡವಾಯಿತು, ಯಾವ ಮಾತನ್ನು ಬೇರೆ ರೀತಿ ಹೇಳಬಹುದಿತ್ತು ಎಂದು ನೋಡಬೇಕು. ತಪ್ಪು ಒಪ್ಪಿಕೊಂಡವರನ್ನು ಗದರಿಸುವ ಅಧಿಕಾರಿ ಅಲ್ಲಿ ಇರಬಾರದು. ಉಸಿರು ಎಣಿಸುವುದು, ಬಿ.ಪಿ. ನೋಡುವುದು ಮುಂತಾದವನ್ನು ಕೈಯಿಂದಲೇ ಮಾಡಿಸಬೇಕು. ಆರೋಗ್ಯಮಿತ್ರರಿಗೂ ಇದು ಅನ್ವಯಿಸುತ್ತದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ನೆರವಿದೆ. ತುರ್ತು ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರಕ್ಕಾಗಿ ಅಲೆಯಬೇಕಿಲ್ಲ. ಈ ನಿಯಮಗಳನ್ನು ಸರಿಯಾಗಿ ಬಲ್ಲ ಒಬ್ಬ ಆರೋಗ್ಯಮಿತ್ರನಿಂದ ಹೊಲ ಅಡವಿಡುವುದು ತಪ್ಪುತ್ತದೆ.

ಅಲೋಪಥಿ ವೈದ್ಯರು ಐದು ವರ್ಷಗಳಲ್ಲಿ 30 ಗಂಟೆಗಳ ನಿರಂತರ ವೈದ್ಯಕೀಯ ಶಿಕ್ಷಣ ಪಡೆಯಬೇಕೆಂದು 2002ರ ವೃತ್ತಿನಿಯಮಗಳಲ್ಲಿಯೇ ಹೇಳಿದೆ. ಪದವಿ ಪಡೆದವರಿಗೇ ಮರುಕಲಿಕೆ ಬೇಕಾದರೆ, ಶಾಲೆಯ ಓದನ್ನಷ್ಟೇ ಮುಗಿಸಿ ಈ ಹೊಣೆಗೆ ಹೆಗಲು ಕೊಟ್ಟ ಹೆಣ್ಣುಮಕ್ಕಳಿಗೆ ಅದು ಬೇಡವೇ? "ಅವರಿಗೆ ಅನುಭವವಿದೆಯಲ್ಲ, ಮತ್ತೇಕೆ ಪಾಠ" ಎನ್ನುವವರಿದ್ದಾರೆ. ಅನುಭವ ದೊಡ್ಡದು, ನಿಜ. ಆದರೆ ಒರೆಗೆ ಹಚ್ಚದ ಅನುಭವದಿಂದ ಹಳೆಯ ತಪ್ಪೇ ಗಟ್ಟಿಯಾಗುವುದೂ ಉಂಟು. "ಕೆಲಸದ ಹೊರೆಯ ಮೇಲೆ ಇದೊಂದು ಹೊರೆ" ಎಂಬ ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ. ಗೌರವಧನ ಮತ್ತು ಪ್ರೋತ್ಸಾಹಧನದಲ್ಲಿ ಮನೆ ನಡೆಸುವವಳಿಗೆ ಒಂದು ದಿನ ಹೋದರೆ ಆ ದಿನದ ಗಳಿಕೆ ಹೋಗುತ್ತದೆ. ಆದ್ದರಿಂದ ತರಬೇತಿಯ ದಿನಕ್ಕೂ ದುಡಿಮೆಯ ದಿನದಷ್ಟೇ ಸಂಭಾವನೆ, ಬಸ್ಸಿನ ಖರ್ಚು, ಊಟ ಸಲ್ಲಬೇಕು. ಕಾಯಕಕ್ಕೆ ತಕ್ಕ ಪ್ರತಿಫಲ ಕೊಡದೆ ಸೇವೆಯನ್ನು ಹೊಗಳುವುದು ಬಸವತತ್ತ್ವಕ್ಕೆ ಒಪ್ಪುವ ನಡೆಯಲ್ಲ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರನ್ನು ಪ್ರಶಸ್ತಿ ನೀಡಿ ಗೌರವಿಸಿತು. ಅವರ ಅರಿವನ್ನು ಬೆಳೆಸುವ ಏರ್ಪಾಡೂ ಆ ಗೌರವದ ಭಾಗವಾಗಬೇಕು.

ಇದರಲ್ಲಿ ಭಕ್ತರು ಮಾಡಬಹುದಾದುದೂ ಇದೆ. ಮಠಗಳಲ್ಲಿ ದಾಸೋಹಕ್ಕೆ ಕೊರತೆಯಿಲ್ಲ, ನೂರಾರು ಜನ ಕೂರುವ ಪ್ರಸಾದನಿಲಯಗಳಿವೆ, ಸಭಾಮಂಟಪಗಳಿವೆ. ತಿಂಗಳಿಗೊಂದು ದಿನ ಆ ಭಾಗದ ಕಾರ್ಯಕರ್ತೆಯರ ಕಲಿಕೆಗೆ ಜಾಗ ಕೊಟ್ಟು, ಪ್ರಸಾದದ ವ್ಯವಸ್ಥೆ ಮಾಡಿದರೆ ಅದು ಜ್ಞಾನದಾಸೋಹವೇ ಆಗುತ್ತದೆ. ಭಕ್ತರಲ್ಲಿ ವೈದ್ಯರು, ಶುಶ್ರೂಷಕಿಯರು, ಔಷಧಶಾಸ್ತ್ರ ಬಲ್ಲವರು ಇದ್ದಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳೊಡನೆ ಮಾತನಾಡಿ, ಅವರ ಪಠ್ಯಕ್ರಮಕ್ಕೆ ಹೊಂದುವಂತೆ ವರ್ಷಕ್ಕೊಂದೆರಡು ದಿನ ಕಲಿಸಲು ಬಿಡುವು ಮಾಡಿಕೊಳ್ಳಬಹುದು. ಏನೂ ಸಾಧ್ಯವಿಲ್ಲದವರು ಒಂದು ಕೆಲಸ ಮಾಡಬಹುದು: ಮನೆಬಾಗಿಲಿಗೆ ಬಂದ ಕಾರ್ಯಕರ್ತೆಯನ್ನು ಒಳಗೆ ಕರೆದು ಕೂರಿಸಿ, ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ, ನಮ್ಮ ಕಷಾಯ ಲೇಹ್ಯಗಳನ್ನೂ ಸೇರಿಸಿ, ಅವಳ ಮುಂದಿಟ್ಟು, ಕೇಳಿದ್ದಕ್ಕೆ ನಿಜವಾದ ಉತ್ತರ ಕೊಡುವುದು. ಅವಳು ಕಲಿತದ್ದು ಫಲಿಸುವುದು ಆಗಲೇ.

ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಒಂದು ಕುಂಟಿದರೂ ನಡೆ ಕೆಡುತ್ತದೆ. ಔಷಧಾಲಯಗಳು ಹೆಚ್ಚಿವೆ, ಯಂತ್ರಗಳು ಬಂದಿವೆ, ವೈದ್ಯರ ಸಂಖ್ಯೆಯೂ ಬೆಳೆದಿದೆ. ಇನ್ನು ಉಪಸ್ಥಾತರ ಅರಿವಿನ ಕಡೆಗೆ ಗಮನ ಹರಿಯಲಿ. ಅವರು ಪ್ರತಿ ತಿಂಗಳು ಹೊಸದೊಂದನ್ನು ಕಲಿತು ಹಳ್ಳಿಗೆ ಮರಳುವಂತಾದರೆ, ಆ ಊರಿನ ಕೂಸು, ಬಾಣಂತಿ, ಮುದುಕರ ಆಯುಷ್ಯಕ್ಕೆ ಅದೇ ಕಾವಲಾಗುತ್ತದೆ.

ಎಲ್ಲರಿಗೂ ಆರೋಗ್ಯಭಾಗ್ಯ ಲಭಿಸಲಿ. ಶರಣು ಶರಣಾರ್ಥಿ.